ಇಂಕಾ ಸಾಮ್ರಾಜ್ಯದ ಏಳುಬೀಳು

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿರುವ ಕುಸ್ಕೊ ಕಣಿವೆ ಇಂಕಾ ಜನರ ಮೂಲನೆಲೆ. ಸೂರ್ಯನ ಮಗ ಮಾಂಕೊ ಕಾಪಾಕ್ ತಮ್ಮ ಮೂಲಪುರುಷ ಎಂಬುದು ಅವರ ನಂಬಿಕೆ. 13ನೆಯ ಶತಮಾನದಿಂದ ಸುಮಾರು ಇನ್ನೂರು ವರ್ಷ ಅವರದು ನೆರೆಹೊರೆಯವರೊಡನೆ ಕಾದಾಡಿಕೊಂಡಿದ್ದ ಒಂದು ಪುಟ್ಟ ರಾಜ್ಯವಷ್ಟೆ.

ಆ ಸ್ಥಿತಿ ಬದಲಾದದ್ದು 1438ರ ಸುಮಾರಿಗೆ. ಚಾಂಕಾ ಜನಾಂಗ ಕುಸ್ಕೊ ಮೇಲೆ ದಂಡೆತ್ತಿ ಬಂದಾಗ ಅರಸ ವಿರಕೋಚ ಊರು ತೊರೆದನೆಂದೂ, ಅವನ ಮಗ ನಿಂತು ಕಾದಾಡಿ ಗೆದ್ದನೆಂದೂ ಸಾಂಪ್ರದಾಯಿಕ ವೃತ್ತಾಂತಗಳು ಹೇಳುತ್ತವೆ. ಪಚಕೂಟಿ ಎಂಬ ಹೆಸರಿನಲ್ಲಿ ಪಟ್ಟವೇರಿದ ಆ ಮಗನೇ ಸಾಮ್ರಾಜ್ಯದ ನಿರ್ಮಾಪಕ. ಕುಸ್ಕೊ ನಗರವನ್ನು ಹೊಸದಾಗಿ ಕಟ್ಟಿಸಿದ ಅವನ ಕಾಲದಲ್ಲೇ ಮಾಚು ಪಿಚು ಕೂಡ ತಲೆಯೆತ್ತಿತು. ಅವನ ಮಗ ಟೋಪಾ ಇಂಕಾ ಮತ್ತು ಮೊಮ್ಮಗ ವೈನಾ ಕಾಪಾಕ್ ಗಡಿಗಳನ್ನು ಇನ್ನಷ್ಟು ಹಿಗ್ಗಿಸಿದರು. ಇಂದಿನ ಕೊಲಂಬಿಯಾದ ದಕ್ಷಿಣದಂಚಿನಿಂದ ಚಿಲಿಯ ಮಧ್ಯಭಾಗದವರೆಗೆ, ಸುಮಾರು 4,000 ಕಿಲೋಮೀಟರ್ ಉದ್ದಕ್ಕೆ ರಾಜ್ಯ ಹಬ್ಬಿತು. ನಾಲ್ಕು ಭಾಗಗಳಾಗಿ ಹಂಚಿದ್ದ ಈ ನಾಡಿಗೆ ಇಂಕಾಗಳು ಇಟ್ಟ ಹೆಸರು ತವಾಂತಿನ್‌ಸುಯು.

ಚಕ್ರದ ಬಂಡಿ, ಕಬ್ಬಿಣ, ಲಿಪಿ ಇವಾವುವೂ ಇಲ್ಲದೆ ಇಷ್ಟು ದೊಡ್ಡ ನಾಡನ್ನು ಆಳಿದ್ದು ಇಂಕಾಗಳ ಹಿರಿಮೆ. ಅದರ ಬೆನ್ನೆಲುಬು ಸುಮಾರು 40,000 ಕಿಲೋಮೀಟರ್ ಉದ್ದದ ರಸ್ತೆಜಾಲ. ಕಡಿದಾದ ಬೆಟ್ಟಕ್ಕೆ ಕಲ್ಲಿನ ಮೆಟ್ಟಿಲು, ಆಳವಾದ ಕಮರಿಗೆ ಹುಲ್ಲಿನ ಹಗ್ಗದ ತೂಗುಸೇತುವೆ. ಚಾಸ್ಕಿ ಎಂಬ ಓಟಗಾರರು ಒಬ್ಬರಿಂದೊಬ್ಬರಿಗೆ ಸುದ್ದಿ ದಾಟಿಸುತ್ತ ದಿನಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಮುಟ್ಟಿಸುತ್ತಿದ್ದರು. ಜನಗಣತಿ, ದವಸದ ಲೆಕ್ಕಗಳನ್ನು ಕೀಪು ಎಂಬ ಗಂಟುದಾರಗಳು ಹಿಡಿದಿಡುತ್ತಿದ್ದವು. ಗಂಟಿನ ಬಗೆ ಮತ್ತು ಅದಿರುವ ಸ್ಥಾನ ಸಂಖ್ಯೆಯನ್ನು ಸೂಚಿಸುತ್ತಿತ್ತು.

ತೆರಿಗೆಯೆಂದರೆ ಹಣವಲ್ಲ, ದುಡಿಮೆ. ಮೀತಾ ಎಂಬ ಸರದಿಯ ಪದ್ಧತಿಯಲ್ಲಿ ಪ್ರತಿ ಕುಟುಂಬವೂ ರಸ್ತೆ, ಹೊಲ, ಗಣಿ ಅಥವಾ ಸೈನ್ಯಕ್ಕೆ ಆಳು ಕೊಡಬೇಕಿತ್ತು. ಬೆಟ್ಟದ ಇಳಿಜಾರನ್ನು ಪಾವಟಿಗೆಗಳಂತೆ ಕಡಿದು ಮಾಡಿದ ಹೊಲಗಳಲ್ಲಿ ಮೆಕ್ಕೆಜೋಳ, ಆಲೂಗಡ್ಡೆ, ಕೀನ್ವಾ ಬೆಳೆಯುತ್ತಿದ್ದವು. ಆಲೂಗಡ್ಡೆಯನ್ನು ಇರುಳಿನ ಹಿಮಕ್ಕೂ ಹಗಲಿನ ಬಿಸಿಲಿಗೂ ಒಡ್ಡಿ, ತುಳಿದು, ಒಣಗಿಸಿದರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ರಸ್ತೆಯುದ್ದಕ್ಕೂ ಇದ್ದ ಸರ್ಕಾರಿ ಕಣಜಗಳು ಸೈನ್ಯವನ್ನು ಸಾಕಿದವು, ಬರಗಾಲದಲ್ಲಿ ಜನರನ್ನೂ ಕಾಪಾಡಿದವು. ಆದರೆ ಈ ವ್ಯವಸ್ಥೆಗೆ ಬಲವಂತದ ಮುಖವೂ ಇತ್ತು. ತಿರುಗಿಬಿದ್ದ ಜನಾಂಗಗಳನ್ನು ಹುಟ್ಟೂರಿನಿಂದ ಕಿತ್ತು ದೂರದ ಪ್ರಾಂತ್ಯಗಳಲ್ಲಿ ನೆಲೆಗೊಳಿಸಲಾಗುತ್ತಿತ್ತು. ಅವರ ಒಡಲಲ್ಲಿ ಸಿಟ್ಟು ಉಳಿದೇ ಇತ್ತು.

1520ರ ದಶಕದಲ್ಲಿ ಯುರೋಪಿಯನ್ನರಿಗಿಂತ ಮೊದಲೇ ಅವರ ರೋಗ ಬಂದಿಳಿಯಿತು. ವೈನಾ ಕಾಪಾಕ್ ಬಹುಶಃ ಸಿಡುಬಿಗೆ ಬಲಿಯಾದ. ಪಟ್ಟಕ್ಕಾಗಿ ಅವನ ಮಕ್ಕಳಾದ ವಾಸ್ಕರ್ ಮತ್ತು ಅತವಾಲ್ಪ ವರ್ಷಗಟ್ಟಲೆ ಕಾದಾಡಿದರು. ಅತವಾಲ್ಪ ಗೆದ್ದ ಹೊತ್ತಿಗೇ ಸ್ಪೇನಿನ ಫ್ರಾನ್ಸಿಸ್ಕೊ ಪಿಝಾರೊ 168 ಮಂದಿಯೊಡನೆ ಕಾಹಮಾರ್ಕಕ್ಕೆ ಬಂದ. 1532ರ ನವೆಂಬರ್ 16ರಂದು ಭೇಟಿಯ ನೆಪದಲ್ಲಿ ಅರಸನನ್ನು ಕರೆಸಿ, ಹೊಂಚುಹಾಕಿ, ಅವನ ಜೊತೆ ಬಂದಿದ್ದ ಸಾವಿರಾರು ಜನರನ್ನು ಕೊಂದು ಅವನನ್ನು ಸೆರೆಹಿಡಿದರು. ಬಿಡುಗಡೆಗಾಗಿ ಅತವಾಲ್ಪ ಒಂದು ಕೋಣೆಯಷ್ಟು ಚಿನ್ನ, ಅದರ ಎರಡರಷ್ಟು ಬೆಳ್ಳಿ ಕೊಡಲೊಪ್ಪಿದ. ರಾಶಿರಾಶಿ ಚಿನ್ನಬೆಳ್ಳಿ ಬಂದು ಬಿದ್ದರೂ 1533ರ ಜುಲೈಯಲ್ಲಿ ಅವನನ್ನು ಕೊಂದರು. ಅದೇ ವರ್ಷದ ನವೆಂಬರ್‌ನಲ್ಲಿ ಕುಸ್ಕೊ ಅವರ ವಶವಾಯಿತು.

ಕುದುರೆ, ಉಕ್ಕಿನ ಕತ್ತಿಗಳಿಂದಷ್ಟೇ ಇದು ಸಾಧ್ಯವಾಗಲಿಲ್ಲ. ಇಂಕಾ ಆಳ್ವಿಕೆಯಿಂದ ಬೇಸತ್ತಿದ್ದ ಕಾಞಾರಿ, ವಾಂಕಾ ಮೊದಲಾದ ಜನಾಂಗಗಳು ಸ್ಪೇನಿನ ಪಕ್ಷ ವಹಿಸಿದವು. ಇಂಕಾಗಳು ಕಟ್ಟಿದ ರಸ್ತೆಗಳೇ ಶತ್ರುವಿಗೆ ದಾರಿಯಾದವು, ಅವರು ತುಂಬಿದ ಕಣಜಗಳೇ ಶತ್ರುವಿಗೆ ಊಟವಿಕ್ಕಿದವು. ಎಲ್ಲ ಅಧಿಕಾರವೂ ಅರಸನೊಬ್ಬನಲ್ಲಿ ನೆಲೆಸಿದ್ದರಿಂದ ಅವನು ಸೆರೆಯಾದೊಡನೆ ಆಡಳಿತವೇ ಕುಸಿಯಿತು.

ಆದರೂ ಹೋರಾಟ ಅಲ್ಲಿಗೆ ನಿಲ್ಲಲಿಲ್ಲ. ಸ್ಪೇನಿನವರೇ ಪಟ್ಟಕಟ್ಟಿದ್ದ ಮಾಂಕೊ ಇಂಕಾ 1536ರಲ್ಲಿ ಬಂಡೆದ್ದು ಕುಸ್ಕೊಗೆ ಮುತ್ತಿಗೆ ಹಾಕಿದ. ಗೆಲುವು ದಕ್ಕದಿದ್ದಾಗ ವಿಲ್ಕಬಾಂಬದ ಕಾಡಿಗೆ ಹಿಂದೆ ಸರಿದು ಅಲ್ಲಿಂದಲೇ ಆಳಿದ. 1572ರಲ್ಲಿ ಕೊನೆಯ ಅರಸ ತುಪಾಕ್ ಅಮಾರುವಿನ ಶಿರಚ್ಛೇದದೊಂದಿಗೆ ಇಂಕಾ ಪ್ರಭುತ್ವ ಮುಗಿಯಿತು. ಅವರ ಕೆಚ್ವಾ ಭಾಷೆಯನ್ನು ಆಂಡಿಸ್‌ನಲ್ಲಿ ಲಕ್ಷಾಂತರ ಜನ ಇಂದಿಗೂ ಆಡುತ್ತಾರೆ. ಆರು ದೇಶಗಳಲ್ಲಿ ಹಾದುಹೋಗುವ ಅವರ ಹೆದ್ದಾರಿಗಳನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.