ನಾಳೆಯ ಗಾಳಿ ಹೇಗಿದೆ, ಕೇಳಿಕೊಂಡು ಹೊರಡಿ

ದಮ್ಮು ಇರುವ ತಾಯಿಯನ್ನು ಚಳಿಗಾಲದಲ್ಲಿ ದೆಹಲಿಗೆ ಕರೆದೊಯ್ಯುತ್ತೀರಾ? ಟಿಕೆಟ್ ಜೊತೆಗೆ ಅಲ್ಲಿನ ಗಾಳಿಯ ಮುನ್ಸೂಚನೆಯನ್ನೂ ನೋಡಿ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಳೆ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಅಲ್ಲಿ ಈ ವ್ಯವಸ್ಥೆ ಆರಂಭಿಸಿತು. ಹೆಸರೂ ‘ಸಫರ್’! ವಾಹನ, ಕಾರ್ಖಾನೆ, ಒಲೆಗಳಿಂದ ಎಲ್ಲೆಲ್ಲಿ ಎಷ್ಟು ಹೊಗೆ ಏಳುತ್ತದೆಂಬ ಲೆಕ್ಕಕ್ಕೆ ಗಾಳಿಯ ವೇಗ, ದಿಕ್ಕು, ಉಷ್ಣತೆ ಸೇರಿಸಿ ಕಂಪ್ಯೂಟರ್ ಮುಂದಿನ ದಿನಗಳ ಸ್ಥಿತಿ ಹೇಳುತ್ತದೆ. ಚಳಿಯ ಮುಂಜಾನೆ ಹೊಗೆ ಮೇಲೇರದೆ ನೆಲದ ಬಳಿಯೇ ನಿಲ್ಲುತ್ತದೆ; ಫಜ್ರ್ ನಂತರದ ನಡಿಗೆ ಒಳ್ಳೆಯದೆಂಬ ನಮ್ಮ ಮಾತು ಅಲ್ಲಿ ನಡೆಯದು. ಸೂಚ್ಯಂಕ 100 ದಾಟಿದರೇ ದಮ್ಮಿನವರಿಗೆ ತೊಂದರೆ. 200 ದಾಟುವ ಸೂಚನೆಯಿದ್ದರೆ ತೀರಾ ಬೇಕಾದ ಓಡಾಟವನ್ನಷ್ಟೇ ಮಧ್ಯಾಹ್ನಕ್ಕಿಡಿ, ಇನ್‌ಹೇಲರ್ ಜೊತೆಗಿರಲಿ. ಜೋಶಾಂದಾ ಗಂಟಲಿಗೆ ಹಿತ, ಆದರೆ ಇನ್‌ಹೇಲರ್‌ಗೆ ಬದಲಿಯಲ್ಲ. ಹಕೀಮನಾದ ನಾನೇ ಹೇಳುತ್ತಿದ್ದೇನೆ.