ಆಟಗಾರರು ನೀವು ಬರೆದ ಕಥೆ ಬಿಟ್ಟು ಬೇರೆ ದಾರಿ ಹಿಡಿದರೆ ಆಟ ಕೆಟ್ಟಂತೆಯೇ?

ಭಾನುವಾರ ಸಂಜೆ. ಮೇಜಿನ ಸುತ್ತ ನಾಲ್ವರು ಗೆಳೆಯರು, ನಡುವೆ ಬಣ್ಣಬಣ್ಣದ ದಾಳಗಳು, ಒಂದು ತಟ್ಟೆ ಚುರುಮುರಿ. ಆಟ ಡಂಜನ್ಸ್ ಅಂಡ್ ಡ್ರಾಗನ್ಸ್. ಆಟ ನಡೆಸುವ ಡಂಜನ್ ಮಾಸ್ಟರ್ ನಾವು. ಗಾಬ್ಲಿನ್‌ಗಳು ಒಬ್ಬ ವ್ಯಾಪಾರಿಯನ್ನು ಗುಹೆಯಲ್ಲಿ ಕೂಡಿಹಾಕಿವೆ, ಆಟಗಾರರು ನುಗ್ಗಿ ಹೊಡೆದಾಡಿ ಅವನನ್ನು ಬಿಡಿಸಿ ತರಬೇಕು. ಎರಡು ರಾತ್ರಿ ಕೂತು ಬರೆದ ಕಥೆ ಅದು.

ಗುಹೆಯ ಬಾಯಿಗೆ ಬಂದ ಗೆಳೆಯನೊಬ್ಬ ಕತ್ತಿಯನ್ನು ಹೊರಗೆ ತೆಗೆಯಲೇ ಇಲ್ಲ. "ವ್ಯಾಪಾರಿಯನ್ನು ಬಿಟ್ಟುಬಿಡಿ. ವಾರಕ್ಕೊಂದು ಸಲ ಹಳ್ಳಿಯಿಂದ ಧಾನ್ಯ ಕಳಿಸ್ತೀವಿ, ನೀವು ಈ ದಾರಿ ಕಾಯಿರಿ" ಎಂದು ಗಾಬ್ಲಿನ್‌ಗಳ ಜೊತೆ ಮಾತಿಗೆ ಇಳಿದ. ನಮಗೆ ಗಾಬರಿ. "ಅವಕ್ಕೆ ನಿನ್ನ ಭಾಷೆ ಬರಲ್ಲ" ಎಂದೆವು. ಅವನು ತನ್ನ ಪಾತ್ರದ ಹಾಳೆ ತೋರಿಸಿದ. ಅದರಲ್ಲಿ ಗಾಬ್ಲಿನ್ ಭಾಷೆ ಬರುತ್ತದೆಂದು ಬರೆದಿತ್ತು. "ಆದರೂ ಅವು ಮೇಲೆ ಬೀಳ್ತವೆ" ಎಂದೆವು. ಉಳಿದ ಸಂಜೆಯೆಲ್ಲ ಅವನು ಸುಮ್ಮನೆ ದಾಳ ಉರುಳಿಸಿದ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬ ಆಟಗಾರ ಒಂದು ಪಾತ್ರ ಆಗುತ್ತಾನೆ: ಯೋಧ, ಮಂತ್ರವಾದಿ, ಕಳ್ಳ, ಹೀಗೆ. ಡಂಜನ್ ಮಾಸ್ಟರ್ ಸುತ್ತಲಿನ ಜಗತ್ತನ್ನು ವರ್ಣಿಸಿ "ಈಗ ಏನು ಮಾಡ್ತೀರಿ?" ಎಂದು ಕೇಳುತ್ತಾರೆ. ಆಗುವುದೋ ಇಲ್ಲವೋ ಎಂಬ ಅನುಮಾನ ಇದ್ದಲ್ಲಿ ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ.

ಹೊಸದಾಗಿ ಆಟ ನಡೆಸುವವರಲ್ಲಿ ಒಂದು ನಂಬಿಕೆ ಇದೆ. ಡಂಜನ್ ಮಾಸ್ಟರ್ ಎಂದರೆ ಕಥೆಗಾರ, ಕಥೆ ಮೊದಲೇ ಪೂರ್ತಿ ಸಿದ್ಧವಿರಬೇಕು, ಆಟಗಾರರು ಅದನ್ನು ಬಿಟ್ಟು ಹೋದರೆ ಆಟ ಹಾಳು. ಇದು ಎಷ್ಟು ನಿಜ?

ಹುಟ್ಟಿದ್ದೇ ಎಡವಟ್ಟಿನಿಂದ

1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬವರು ಗೆಳೆಯರಿಗಾಗಿ ನೆಪೋಲಿಯನ್ ಕಾಲದ ಒಂದು ಯುದ್ಧದ ಆಟ ಸಿದ್ಧಮಾಡಿದರು. ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಜರ್ಮನ್ ಊರು, ಅದರ ಹೊರಗೆ ಎದುರುಬದುರು ಸೇನೆಗಳು. ಆಡಲು ನಿರೀಕ್ಷೆಗಿಂತ ಹೆಚ್ಚು ಜನ ಬಂದರು. ಸೇನಾಪತಿಯ ಕೆಲಸ ಸಿಗದವರಿಗೆ ಊರ ಮೇಯರ್, ಬ್ಯಾಂಕಿನವನು, ವಿಶ್ವವಿದ್ಯಾಲಯದ ಕುಲಪತಿ ಮುಂತಾದ ಪಾತ್ರ ಕೊಟ್ಟರು.

ಆಮೇಲೆ ಆದದ್ದು ಸಂತೆ. ಯುದ್ಧ ಶುರುವಾಗುವ ಮೊದಲೇ ಆಟಗಾರರು ತಮ್ಮತಮ್ಮಲ್ಲೇ ಗುಟ್ಟು ಮಾತು, ಒಪ್ಪಂದ, ಪಿತೂರಿ ನಡೆಸತೊಡಗಿದರು. ಇಬ್ಬರು ಬಂದು "ನಾವು ದ್ವಂದ್ವಯುದ್ಧಕ್ಕೆ ಇಳಿದಿದ್ದೇವೆ" ಎಂದರು. ದ್ವಂದ್ವಯುದ್ಧಕ್ಕೆ ವೆಸ್ಲಿ ನಿಯಮವನ್ನೇ ಬರೆದಿರಲಿಲ್ಲ. ಅಲ್ಲೇ ನಿಂತು ಒಂದು ನಿಯಮ ಹುಟ್ಟುಹಾಕಿ ದಾಳ ಹಾಕಿಸಿದರು. ಆ ರಾತ್ರಿ ಆಟ ಪೂರ್ತಿ ಕೆಟ್ಟಿತೆಂದೇ ಅವರು ಅಂದುಕೊಂಡಿದ್ದರು. ಆಡಿದವರು ಮಾತ್ರ ಮತ್ತೆ ಯಾವಾಗ ಎಂದು ಕೇಳಿದರು.

ಆ ಬಳಗದ ಡೇವ್ ಆರ್ನೆಸನ್ ಇದೇ ದಾರಿಯಲ್ಲಿ ಬ್ಲ್ಯಾಕ್‌ಮೂರ್ ಎಂಬ ತಮ್ಮದೇ ಜಗತ್ತು ಕಟ್ಟಿದರು. ಅವರೂ ಗ್ಯಾರಿ ಗೈಗ್ಯಾಕ್ಸ್ ಅವರೂ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಪ್ರಕಟಿಸಿದರು. ಅಂದರೆ ಆಟಗಾರರು ಮಾಸ್ಟರ್ ಯೋಚಿಸದ್ದನ್ನು ಮಾಡುವುದು ಈ ಆಟಕ್ಕೆ ಬಂದ ರೋಗವಲ್ಲ, ಆಟ ಹುಟ್ಟಿದ್ದೇ ಅದರಿಂದ.

ಎಲ್ಲವನ್ನೂ ಮೊದಲೇ ಬರೆದಿಡಬಹುದೇ?

ಲೆಕ್ಕ ಹಾಕಿ ನೋಡೋಣ. ಪ್ರತಿ ತಿರುವಿನಲ್ಲಿ ಆಟಗಾರರಿಗೆ ನಾಲ್ಕೇ ಆಯ್ಕೆ ಇದೆ ಎಂದುಕೊಳ್ಳಿ. ಐದು ತಿರುವು ದಾಟುವ ಹೊತ್ತಿಗೆ 1,024 ದಾರಿಗಳಾಗುತ್ತವೆ. ಒಂದು ಸಂಜೆಯಲ್ಲಿ ಐದು ತಿರುವು ಬಹಳ ಕಡಿಮೆ, ನಾಲ್ಕು ಆಯ್ಕೆ ಇನ್ನೂ ಕಡಿಮೆ. ಎರಡು ರಾತ್ರಿ ಕೂತು ನಾವು ಬರೆದದ್ದು ಅದರಲ್ಲಿ ಒಂದೇ ಒಂದು ದಾರಿಯನ್ನು.

ಬರೆದಿಡಬೇಕಾದದ್ದು ಘಟನೆಗಳನ್ನಲ್ಲ, ಜನರನ್ನು. ಗಾಬ್ಲಿನ್‌ಗಳಿಗೆ ಏನು ಬೇಕು? ಯಾರನ್ನು ಕಂಡರೆ ಭಯ? ಏನು ಕೊಟ್ಟರೆ ಒಪ್ಪುತ್ತವೆ? "ಹಸಿದಿವೆ, ಚಳಿಗಾಲ ಹತ್ತಿರ, ನಾಯಕನಿಗೆ ತನ್ನ ತಮ್ಮನ ಮೇಲೆ ಅನುಮಾನ" ಎಂದು ಒಂದು ಸಾಲು ಗೀಚಿಟ್ಟಿದ್ದರೆ ಸಾಕಿತ್ತು. ಆಟಗಾರರು ಕತ್ತಿ ಎತ್ತಲಿ, ವ್ಯಾಪಾರ ಮಾಡಲಿ, ಹಾಡು ಹೇಳಲಿ, ಗಾಬ್ಲಿನ್‌ಗಳು ಏನು ಮಾಡುತ್ತವೆಂದು ನಮಗೆ ತಿಳಿದಿರುತ್ತಿತ್ತು.

ತಾಳಮದ್ದಲೆ ಕೇಳಿದವರಿಗೆ ಇದು ತೀರಾ ಹೊಸದಲ್ಲ. ಅಲ್ಲಿ ಪದ್ಯ ಬರೆದದ್ದು, ಅರ್ಥ ಮಾತ್ರ ಆ ಕ್ಷಣದ್ದು. ಎದುರಿನ ಅರ್ಥಧಾರಿ ಯಾವ ಪ್ರಶ್ನೆ ಎಸೆಯುತ್ತಾರೋ ಗೊತ್ತಿಲ್ಲ. ಪಾತ್ರವನ್ನು ಒಳಗಿಂದ ಬಲ್ಲವರು ತಡವರಿಸುವುದಿಲ್ಲ. ಒಂದು ವ್ಯತ್ಯಾಸವಿದೆ: ಕರ್ಣಪರ್ವದ ಪ್ರಸಂಗದಲ್ಲಿ ವಾದ ಯಾರೇ ಗೆಲ್ಲಲಿ, ಕೊನೆಗೆ ಕರ್ಣ ಬೀಳುತ್ತಾನೆ. ನಮ್ಮ ಮೇಜಿನ ಆಟದಲ್ಲಿ ಕೊನೆಯೂ ಕೈಯಲ್ಲಿಲ್ಲ.

ಆ ಕ್ಷಣದಲ್ಲಿ ಏನು ಮಾಡುವುದು?

ಮೊದಲು ಕೇಳಿ: "ಇದರಿಂದ ನಿನಗೆ ಏನಾಗಬೇಕು?" ಆಟಗಾರ್ತಿಯೊಬ್ಬಳು "ಛತ್ರಕ್ಕೆ ಬೆಂಕಿ ಹಚ್ತೀನಿ" ಎಂದರೆ ಹುಚ್ಚಾಟದಂತೆ ಕಾಣುತ್ತದೆ. ಕೇಳಿ ನೋಡಿದರೆ ಅವಳಿಗೆ ಬೇಕಾದದ್ದು ಕಾವಲುಗಾರರು ಐದು ನಿಮಿಷ ಆ ಕಡೆ ಓಡುವುದು, ಅಷ್ಟೇ. "ಒಳಗೆ ಮಕ್ಕಳು ಮಲಗಿದ್ದಾರೆ, ಅದು ನಿನ್ನ ಪಾತ್ರಕ್ಕೆ ಗೊತ್ತು. ಹಿತ್ತಲಲ್ಲಿ ಹುಲ್ಲಿನ ಬಣವೆಯೂ ಇದೆ" ಎಂದು ಹೇಳಿದರೆ ಬಣವೆ ಸಾಕು ಎನ್ನುತ್ತಾಳೆ. ಆಟಗಾರರ ವಿಚಿತ್ರ ನಿರ್ಧಾರಗಳಲ್ಲಿ ಎಷ್ಟೋ ಸಲ ತಪ್ಪು ನಮ್ಮದೇ. ನಮ್ಮ ಮನಸ್ಸಿನಲ್ಲಿರುವ ಚಿತ್ರ ಅವರ ಕಣ್ಣಿಗೆ ಕಟ್ಟಿರುವುದಿಲ್ಲ.

ನಂತರ, ದಾಳ ಬೇಕೇ ಎಂದು ನೋಡಿ. ಖಂಡಿತ ಆಗುವ ಕೆಲಸಕ್ಕೆ ಬೇಡ. ಆಗಲು ಸಾಧ್ಯವೇ ಇಲ್ಲದ್ದಕ್ಕೂ ಬೇಡ, ಅದನ್ನು ನೇರವಾಗಿ ಹೇಳಿಬಿಡಿ. ನಡುವೆ ಇರುವುದಕ್ಕೆ 2014ರ ನಿಯಮಪುಸ್ತಕ ಸುಲಭದ ಅಳತೆ ಕೊಡುತ್ತದೆ: ಸುಲಭ ಕೆಲಸಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20. ದಾಳದಲ್ಲಿ ಬಿದ್ದ ಸಂಖ್ಯೆಗೆ ಪಾತ್ರದ ಸಾಮರ್ಥ್ಯ ಕೂಡಿಸಿ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗೆಲುವು. ಏನೂ ಕೂಡಿಸದಿದ್ದರೆ 10ಕ್ಕೆ ಗೆಲ್ಲುವ ಸಾಧ್ಯತೆ 55%, 15ಕ್ಕೆ 30%.

ಇಲ್ಲೇ ಹೆಚ್ಚಿನವರು ಗೊತ್ತಿಲ್ಲದೆ ಮೋಸ ಮಾಡುವುದು. ಒಬ್ಬ ಆಟಗಾರ "ತೂಗುದೀಪ ಹಿಡಿದು ಜೀಕಿ ರಾಜನ ಮುಂದೆ ಇಳೀತೀನಿ" ಎನ್ನುತ್ತಾನೆ. ಮಾಸ್ಟರ್ ಹಾರುವುದಕ್ಕೊಂದು ದಾಳ, ಹಿಡಿಯುವುದಕ್ಕೊಂದು, ಇಳಿಯುವುದಕ್ಕೊಂದು ಕೇಳುತ್ತಾರೆ. ಒಂದೊಂದೂ 55% ಸುಲಭದ ಕೆಲಸವೇ ಇರಬಹುದು. ಮೂರೂ ಗೆಲ್ಲಬೇಕೆಂದರೆ ಸಾಧ್ಯತೆ ಸುಮಾರು 17%ಕ್ಕೆ ಇಳಿಯುತ್ತದೆ. ಸುಮ್ಮನೆ ಕತ್ತಿ ಬೀಸಿದ ಪಕ್ಕದವನಿಗೆ ಒಂದೇ ದಾಳ. ಹೀಗೆ ಎರಡು ಸಲ ಆದರೆ ಆ ಹುಡುಗ ಮತ್ತೆ ತೂಗುದೀಪದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಒಂದು ಉಪಾಯಕ್ಕೆ ಒಂದೇ ದಾಳ ಸಾಕು.

ತಿರುಗಿಸಿಯೂ ನೋಡಿ. 30% ಸಾಧ್ಯತೆಯ ಬೀಗವನ್ನು ನಾಲ್ಕು ಸಲ ಪ್ರಯತ್ನಿಸಲು ಬಿಟ್ಟರೆ ತೆರೆಯುವ ಸಾಧ್ಯತೆ 76% ಆಗುತ್ತದೆ. ಹಾಗಾಗಿ ಸೋತಾಗ ಏನಾದರೂ ಬದಲಾಗಲೇಬೇಕು: ಕಡ್ಡಿ ಮುರಿಯಲಿ, ಕಾವಲುಗಾರನ ಹೆಜ್ಜೆ ಸದ್ದು ಕೇಳಲಿ. "ಆಗಲಿಲ್ಲ, ಮತ್ತೆ ಹಾಕು" ಎನ್ನುವುದರಷ್ಟು ಬೇಸರದ ಮಾತು ಇನ್ನೊಂದಿಲ್ಲ.

ಕೊಲೆಯ ರಹಸ್ಯ ಬಿಡಿಸುವಂಥ ಕಥೆಗಳಿಗೆ ಜಸ್ಟಿನ್ ಅಲೆಕ್ಸಾಂಡರ್ ಎಂಬ ಆಟದ ಬರಹಗಾರರ ಮೂರು ಸುಳಿವಿನ ಸೂತ್ರ ಒಳ್ಳೆಯದು. ಆಟಗಾರರಿಗೆ ತಿಳಿಯಲೇಬೇಕಾದ ಪ್ರತಿ ಸಂಗತಿಗೂ ಕನಿಷ್ಠ ಮೂರು ಸುಳಿವು ಇಡಿ ಎನ್ನುತ್ತಾರೆ ಅವರು. ಒಂದು ಸುಳಿವು ಕೈತಪ್ಪುವ ಸಾಧ್ಯತೆ 45% ಎಂದುಕೊಂಡರೆ, ಮೂರೂ ಕೈತಪ್ಪುವುದು ಸುಮಾರು 9% ಮಾತ್ರ.

ಇನ್ನು ಒಂದು ಹಳೆಯ ಜಗಳ. ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಅದೇ ರಾಕ್ಷಸನನ್ನು ಎದುರಿಗೆ ತಂದು ನಿಲ್ಲಿಸಬಹುದೇ? ಇದಕ್ಕೆ ಕ್ವಾಂಟಮ್ ಓಗರ್ ಎಂದು ತಮಾಷೆಯ ಹೆಸರಿದೆ. ಎರಡೂ ದಾರಿಯ ಬಗ್ಗೆ ಆಟಗಾರರಿಗೆ ಏನೂ ತಿಳಿದಿಲ್ಲವೆಂದರೆ ಅದರಲ್ಲಿ ದೊಡ್ಡ ತಪ್ಪೇನೂ ನಮಗೆ ಕಾಣುವುದಿಲ್ಲ. ಅವರು ಹೆಜ್ಜೆಗುರುತು ನೋಡಿ, ಕುರುಬನನ್ನು ವಿಚಾರಿಸಿ, ರಾಕ್ಷಸನನ್ನು ತಪ್ಪಿಸಲೆಂದೇ ಎಡದ ದಾರಿ ಹಿಡಿದಿದ್ದರೆ ಮಾತ್ರ ಅದು ಶುದ್ಧ ವಂಚನೆ.

ಎಲ್ಲ ಆಯ್ಕೆಗೂ ಹೂಂ ಅನ್ನಬೇಕೆಂದಲ್ಲ. ಜೊತೆಗಾರನ ಪಾತ್ರವನ್ನು ಮಲಗಿದ್ದಲ್ಲೇ ಕೊಲ್ಲುತ್ತೇನೆ ಎಂದು ಒಬ್ಬ ಹೊರಟರೆ, ಅಥವಾ ಕೈದಿಗೆ ಚಿತ್ರಹಿಂಸೆ ಕೊಡುವುದನ್ನು ಬಿಡಿಸಿ ಹೇಳತೊಡಗಿದರೆ, ಅದಕ್ಕೆ ದಾಳದಲ್ಲಿ ಉತ್ತರವಿಲ್ಲ. ಆಟ ನಿಲ್ಲಿಸಿ, ಪಾತ್ರಗಳನ್ನು ಪಕ್ಕಕ್ಕಿಟ್ಟು, ಮನುಷ್ಯರಾಗಿ ಮಾತಾಡಿ. ಎಕ್ಸ್ ಗುರುತಿನ ಕಾರ್ಡೊಂದನ್ನು ಮೇಜಿನ ಮೇಲೆ ಇಡುವ ರೂಢಿ ಹಲವು ಕಡೆ ಇದೆ. ಯಾರಿಗೆ ಕಸಿವಿಸಿಯಾದರೂ ಅದನ್ನು ಮುಟ್ಟಿದರೆ ಆ ದೃಶ್ಯವನ್ನು ಅಲ್ಲಿಗೇ ಬಿಡುತ್ತಾರೆ. ಕಾರಣ ಕೇಳುವಂತಿಲ್ಲ.

ಏನೂ ತೋಚದಿದ್ದರೆ "ಇದನ್ನು ನಾನು ಯೋಚಿಸಿರಲಿಲ್ಲ, ಐದು ನಿಮಿಷ ಕೊಡಿ, ಟೀ ಕುಡಿದು ಬರೋಣ" ಎನ್ನಿ. ಯಾರೂ ನಗುವುದಿಲ್ಲ. ಮಾಸ್ಟರನ್ನೇ ಪೇಚಿಗೆ ಸಿಕ್ಕಿಸಿದೆವೆಂದು ಆಟಗಾರರಿಗೆ ಖುಷಿಯೇ ಆಗುತ್ತದೆ.

ಬರುವುದನ್ನು ಬಿಟ್ಟಿದ್ದ ಗೆಳೆಯನಿಗೆ ಎರಡು ತಿಂಗಳ ನಂತರ ನಾವೇ ಫೋನ್ ಮಾಡಿದೆವು. ಆ ಗುಹೆಯ ಬಾಯಿಂದಲೇ ಮತ್ತೆ ಶುರುಮಾಡೋಣ, ಗಾಬ್ಲಿನ್‌ಗಳು ಮಾತಿಗೆ ಸಿದ್ಧವಿವೆ ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಧಾನ್ಯ ಎಷ್ಟು ಮೂಟೆ ಕೇಳ್ತವೆ?" ಎಂದ.