ಹೊಸ ರೇಡಾರ್ ಗುಂಯ್ ಎಂದರೆ ಕೆಟ್ಟಿದೆ ಎಂದಲ್ಲ

ಕರಾವಳಿಯ ಮಲ್ಪೆ ಬಂದರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳ ಬಣ್ಣ, ಎಂಜಿನ್ ಕೆಲಸ, ಹೊಸ ಉಪಕರಣ ಕೂರಿಸುವುದು ಎಲ್ಲಕ್ಕೂ ಅದೇ ಸಮಯ. ಕ್ಯಾಬಿನ್ ಮೇಲೆ ರೇಡಾರ್ ಏರಿಸಿ ಮೊದಲ ಸಲ ಚಾಲೂ ಮಾಡಿದಾಗ ವಿಚಿತ್ರ ಸದ್ದು ಕೇಳಿದರೆ ಬರುವ ಮಾತು: ‘ಇದೆಂತ ಮಾರಾಯ್ರೆ, ಹೊಸತರಲ್ಲೇ ಹಾಳಾಯ್ತಾ?’

ಸ್ಕ್ರೂ ಬಿಚ್ಚುವ ಮೊದಲು ಎರಡು ನಿಮಿಷ ಕಿವಿಗೊಡಬೇಕು. ರೇಡಾರಿನಲ್ಲಿ ಎರಡು ಬಗೆಯ ಲಯಗಳಿವೆ. ಒಂದು ಆಂಟೆನಾ ತಿರುಗುವ ಲಯ, ಇನ್ನೊಂದು ರೇಡಿಯೋ ಮಿಡಿತದ ಲಯ. ಸದ್ದು ಯಾವುದನ್ನು ಹಿಂಬಾಲಿಸುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ.

ಮಿಡಿತದ್ದನ್ನು ಮೊದಲು ನೋಡೋಣ. ಸಾಮಾನ್ಯ ರೇಡಾರ್ ಅಲೆಗಳನ್ನು ಒಂದೇ ಸಮನೆ ಬಿಡುವುದಿಲ್ಲ. ಒಂದು ಚಿಕ್ಕ ಮಿಡಿತ ಕಳಿಸಿ, ಪ್ರತಿಧ್ವನಿಗಾಗಿ ಕಾದು, ಮತ್ತೊಂದನ್ನು ಕಳಿಸುತ್ತದೆ. ಒಂದು ನಾಟಿಕಲ್ ಮೈಲು ದೂರದ ಹಡಗಿಗೆ ತಾಗಿ ಮರಳಲು ಬೇಕಾದದ್ದು ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು. 24 ಮೈಲಿಗೆ ಸುಮಾರು 300 ಪಾಲು. ದೂರ ನೋಡಬೇಕಾದರೆ ಹೆಚ್ಚು ಕಾಯಬೇಕು, ಹಾಗಾಗಿ ಮಿಡಿತಗಳು ವಿರಳ. ಸಣ್ಣ ಬೋಟಿನ ಸಾಮಾನ್ಯ ರೇಡಾರಿನಲ್ಲಿ ಹತ್ತಿರದ ರೇಂಜಿಗೆ ಸೆಕೆಂಡಿಗೆ 2,000ದ ಆಸುಪಾಸು, ಮಧ್ಯದ್ದಕ್ಕೆ ಸುಮಾರು 1,200, ದೂರದ್ದಕ್ಕೆ 600 ಮಿಡಿತಗಳಿರುತ್ತವೆ.

ರೇಡಿಯೋ ಅಲೆ ಕಿವಿಗೆ ಕೇಳುವುದಿಲ್ಲ, ನಿಜ. ಆದರೆ ಪ್ರತಿ ಮಿಡಿತಕ್ಕೂ, ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನಿಗೆ ಸಾವಿರಾರು ವೋಲ್ಟಿನ ಹೊಡೆತ ಕೊಡುವ ಟ್ರಾನ್ಸ್‌ಫಾರ್ಮರಿನ ಸುರುಳಿ ಮತ್ತು ತಿರುಳು ಕಾಂತಬಲಕ್ಕೆ ಸಿಕ್ಕಿ ಕಣ್ಣಿಗೆ ಕಾಣದಷ್ಟು ನಡುಗುತ್ತವೆ. ಸೆಕೆಂಡಿಗೆ 600 ಸಲ ನಡುಗಿದ್ದು ಕಿವಿಗೆ ಸ್ವರವಾಗುತ್ತದೆ. 600ರಿಂದ 1,200ಕ್ಕೆ ಏರಿದರೆ, ಸಂಗೀತ ಬಲ್ಲವರು ಗುರುತಿಸುವಂತೆ, ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲೆ ಹೋಗುತ್ತದೆ! ಆದ್ದರಿಂದ ರೇಂಜ್ ಬದಲಿಸಿ ನೋಡಿ. ಗುಂಯ್ಗುಡುವ ಶ್ರುತಿಯೂ ಬದಲಾಗಿ, ಸ್ಟ್ಯಾಂಡ್‌ಬೈಗೆ ಹಾಕಿದೊಡನೆ ನಿಂತರೆ ಅದು ಸಾಮಾನ್ಯವಾಗಿ ಯಂತ್ರದ ಸಹಜ ಸದ್ದು. ಮ್ಯಾಗ್ನೆಟ್ರಾನ್ ಇಲ್ಲದ ಹೊಸ ಮಾದರಿಗಳು ಇದಕ್ಕಿಂತ ಮೌನಿಗಳು.

ರೇಂಜ್ ಎಷ್ಟು ಬದಲಿಸಿದರೂ ಸದ್ದು ಹಾಗೇ ಇದ್ದರೆ ತಿರುಗುವ ಭಾಗದತ್ತ ಗಮನ ಕೊಡಬೇಕು. ಆಂಟೆನಾ ನಿಮಿಷಕ್ಕೆ 24 ಸುತ್ತು ತಿರುಗಿದರೆ ಒಂದು ಸುತ್ತಿಗೆ ಎರಡೂವರೆ ಸೆಕೆಂಡು. ಗಡಿಯಾರ ಹಿಡಿದು ಎಣಿಸಿ. ಎರಡೂವರೆ ಸೆಕೆಂಡಿಗೊಮ್ಮೆ ‘ಟಕ್’ ಎಂದರೆ ಸುತ್ತಿಗೊಮ್ಮೆ ಏನೋ ತಾಗುತ್ತಿದೆ: ಒಳಗೆ ಸಡಿಲ ಬಿಟ್ಟ ವಯರು, ಸಾಗಾಟಕ್ಕೆಂದು ಇಟ್ಟು ತೆಗೆಯಲು ಮರೆತ ಪ್ಯಾಕಿಂಗ್, ಬಿಗಿಯಾಗದ ಬೋಲ್ಟು. ಎಡೆಬಿಡದೆ ಕಿರ್ರ್ ಎಂದರೆ ಬೆಲ್ಟು, ಗೇರು ಅಥವಾ ಬೇರಿಂಗ್ ಮೇಲೆ ಅನುಮಾನ ಇಡಬಹುದು. ಹೊಸ ಯಂತ್ರದಲ್ಲಿ ಬೇರಿಂಗ್ ಸವೆದಿರುವ ಸಂಭವ ಕಡಿಮೆ. ಏರುತಗ್ಗಿರುವ ತಗಡಿನ ಮೇಲೆ ಬೋಲ್ಟು ಬಿಗಿದಾಗ ತಳವೇ ತಿರುಚಿಕೊಂಡಿರುವುದು ಹೆಚ್ಚು ಸಾಧ್ಯ. ತೆಳ್ಳಗಿನ ವಯರಿನಲ್ಲಿ ವೋಲ್ಟೇಜು ಕುಸಿದು ಮೋಟಾರ್ ತಿಣುಕುವುದೂ ಉಂಟು. ಎಂಜಿನ್ ಆಫ್ ಮಾಡಿ ಬ್ಯಾಟರಿಯಲ್ಲೇ ರೇಡಾರ್ ಓಡಿಸಿ ನೋಡಿ. ಸದ್ದು ಮಾಯವಾದರೆ ಎಂಜಿನ್ ನಡುಕಕ್ಕೆ ರೇಡಾರ್ ಹೊತ್ತ ಕಂಬವೇ ದನಿಗೂಡಿಸುತ್ತಿತ್ತು ಎಂದರ್ಥ.

ವಯರ್‌ಲೆಸ್‌ನಲ್ಲಿ ಚರಚರ ಕೇಳುವ ತೊಂದರೆ ಬೇರೆ. ರೇಡಾರಿನ ಕೇಬಲ್ಲನ್ನು ವಯರ್‌ಲೆಸ್ ಕೇಬಲ್ಲಿನಿಂದ ದೂರ ಸರಿಸಿ, ಅರ್ಥಿಂಗ್ ಸರಿಪಡಿಸಿ, ಫೆರೈಟ್ ಉಂಗುರ ತೊಡಿಸಿದರೆ ಬಹುಮಟ್ಟಿಗೆ ತಗ್ಗುತ್ತದೆ. ಇನ್ನು ಪರದೆಯ ಮೇಲೆ ಬಾಗಿದ ಚುಕ್ಕಿಸಾಲು ಮೂಡಿದರೆ ಅದು ಸಾಮಾನ್ಯವಾಗಿ ಪಕ್ಕದ ಬೋಟಿನ ರೇಡಾರಿನದು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಮುಚ್ಚಳ ತೆಗೆಯುವ ಕೆಲಸ ಬಲ್ಲ ಮೆಕ್ಯಾನಿಕ್‌ನದ್ದು. ಕರೆಂಟ್ ತೆಗೆದ ಮೇಲೂ ಒಳಗೆ ಅಪಾಯಕಾರಿ ವೋಲ್ಟೇಜು ಉಳಿದಿರಬಹುದು. ರೇಡಾರ್ ಚಾಲೂ ಇರುವಾಗ ಆಂಟೆನಾದ ಮಟ್ಟದಲ್ಲಿ, ಅದರ ಸಮೀಪ, ಯಾರೂ ನಿಲ್ಲಬಾರದು.

ಎಲ್ಲ ಸರಿಯಾಗಿರುವ ದಿನವೇ ರೇಡಾರಿನ ಸದ್ದನ್ನು ಒಂದೊಂದು ರೇಂಜಿನಲ್ಲೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದೆ ಸದ್ದು ಬದಲಾದಾಗ ಹೋಲಿಸಲು ಅದೇ ಆಧಾರ. ಆಗಸ್ಟಿನಲ್ಲಿ ಬೋಟು ಅಳಿವೆ ದಾಟುವ ಮೊದಲೇ, ದಕ್ಕೆಯಲ್ಲಿರುವಾಗಲೇ ಈ ಕೆಲಸ ಮುಗಿಸಿ.